ಎರಡನೆಯ ನೀರಿನ ಕಾಫಿ

ನಾನು ಒಂದು ಹಿತ್ತಾಳೆಯ ಕಾಫಿ ಫಿಲ್ಟರು. ಈಗ ನನ್ನ ಮೈ ಕಪ್ಪಿಟ್ಟಿದೆ, ಒಳಗಿನ ಕಲಾಯಿ ಅಲ್ಲಲ್ಲಿ ಎದ್ದುಹೋಗಿದೆ. ಹಾಸನದ ಪೇಟೆಯಲ್ಲಿ ಪಾತ್ರೆ ಮಾಡುವವರ ಮನೆಯಲ್ಲಿ ಹುಟ್ಟಿದಾಗ ಮಾತ್ರ ಹೀಗಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟರೆ ನೋಡಿದವರು ಕಣ್ಣು ಕಿರಿದು ಮಾಡಿಕೊಳ್ಳಬೇಕಾಗಿತ್ತು.

ನನಗೆ ಎರಡು ಪಾತ್ರೆ, ಒಂದರ ಮೇಲೊಂದು. ಮೇಲಿನದರ ತಳದಲ್ಲಿ ಸಣ್ಣ ತೂತುಗಳು. ಅಲ್ಲಿ ಪುಡಿ ಹಾಕಿ, ಕೊಡೆಯಂಥ ಬಿಲ್ಲೆಯಿಂದ ಒತ್ತಿ, ಕುದಿಯುವ ನೀರು ಹೊಯ್ಯುತ್ತಾರೆ. ಕೆಳಗಿನ ಪಾತ್ರೆಗೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಮೊದಲು ಇಳಿದದ್ದು ಗಟ್ಟಿ. ಅದರ ಪರಿಮಳ ಬೀದಿಯವರೆಗೆ ಹೋಗುತ್ತದೆ. ಅದೇ ಪುಡಿಯ ಮೇಲೆ ಮತ್ತೊಮ್ಮೆ ನೀರು ಹೊಯ್ದರೆ ಇಳಿಯುವುದು ಎರಡನೆಯದು. ಅದಕ್ಕೆ ಬಣ್ಣವುಂಟು, ಹೆಚ್ಚೇನೂ ಇಲ್ಲ.

ನನ್ನನ್ನು ಕೊಂಡವರು ಮೂಡಿಗೆರೆಯ ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಅನಂತಪ್ಪಯ್ಯನವರು. ಅವರ ಒಬ್ಬಳೇ ಮಗಳು ಮೀನಾಕ್ಷಿ. ಬೀಜ ಹುರಿಯುವಾಗ ಬಾಣಲೆಯ ಹತ್ತಿರ ಬಾರದೆ, ಹೊರಗಿನ ಜಗಲಿಯಲ್ಲಿ ಕುಳಿತೇ, ವಾಸನೆಯಿಂದ ಹದ ಹೇಳುವ ಹುಡುಗಿ ಅವಳು. ಬೆಳಗಿನ ಮೊದಲ ಲೋಟವನ್ನು ಅಪ್ಪ ಅವಳ ಕೈಗೇ ಕೊಡುತ್ತಿದ್ದರು. ಅವಳು ಒಂದು ಗುಟುಕು ಕುಡಿದು ತಲೆಯಾಡಿಸಿದ ಮೇಲೆಯೇ ಉಳಿದವರಿಗೆ ಕಾಫಿ. ಮದುವೆಯಲ್ಲಿ ಅವಳ ಪಾತ್ರೆಗಳ ಜೊತೆ ನನ್ನನ್ನೂ ಕಟ್ಟಿ ಕಳಿಸಿದರು.

ಹೀಗೆ ನಾನು ಮತ್ತೆ ಹಾಸನಕ್ಕೆ ಬಂದೆ. ಗಂಡ ರಾಮಶೇಷಯ್ಯನವರು ಒಂದು ಖಾಸಗಿ ಬಸ್ಸಿನ ಕಂಪನಿಯಲ್ಲಿ ಬುಕಿಂಗ್ ಗುಮಾಸ್ತರು. ಮನೆಯಲ್ಲಿ ಅತ್ತೆ, ಮದುವೆಯ ವಯಸ್ಸಿಗೆ ಬಂದ ಇಬ್ಬರು ನಾದಿನಿಯರು, ಹೋಗಿ ಬರುವ ನೆಂಟರು. ಬರುವ ಸಂಬಳ ಒಂದೇ.

ಮೊದಲ ದಿನ ಬೆಳಿಗ್ಗೆ ಸೊಸೆ ಎಲ್ಲರಿಗೂ ಕಾಫಿ ಬೆರೆಸಿ ಕೊಟ್ಟಳು. ತನ್ನ ಪಾಲಿಗೆ ಬರುವಷ್ಟರಲ್ಲಿ ನನ್ನ ಕೆಳಗಿನ ಪಾತ್ರೆ ಬರಿದಾಗಿತ್ತು. ಅವಳು ಸ್ವಲ್ಪ ಹೊತ್ತು ನನ್ನೊಳಗೆ ನೋಡಿದಳು. ಆಮೇಲೆ ಹಳೆಯ ಪುಡಿಯ ಮೇಲೆಯೇ ನೀರು ಹೊಯ್ದಳು. ಹಾಗೆ ಮಾಡು ಎಂದು ಯಾರೂ ಹೇಳಲಿಲ್ಲ. ಅತ್ತೆಯವರೂ ಕೆಟ್ಟವರಲ್ಲ; ನಿನಗೆ ಇಟ್ಟುಕೊಂಡೆಯೇನೇ ಎಂದು ಒಳಗಿನಿಂದಲೇ ಕೇಳಿದರು. ಇದೆ ಅತ್ತೆ ಎಂದಳು.

ಮೀನಾಕ್ಷಮ್ಮ ಮನೆ ನಡೆಸಿದ ಬಗೆಯನ್ನು ನಾನು ಒಲೆಯ ಪಕ್ಕದ ಗೂಡಿನಿಂದ ನೋಡಿದ್ದೇನೆ. ಶಿವರಾತ್ರಿಯ ಸುಮಾರಿಗೆ ಹೊಸ ಹುಣಸೆಹಣ್ಣು ಬರುತ್ತಲೇ ವರ್ಷಕ್ಕೆ ಆಗುವಷ್ಟು ಕೊಂಡು, ಬೀಜ ಬಿಡಿಸಿ, ಉಪ್ಪು ಹಾಕಿ ಜಾಡಿಗೆ ತುಂಬುತ್ತಿದ್ದಳು. ಪಕ್ಕದ ಮನೆಯ ರುದ್ರಮ್ಮನ ಜೊತೆ ಸೇರಿ ಮಂಡಿಯಿಂದ ತೊಗರಿಬೇಳೆಯ ಮೂಟೆ ತರಿಸಿ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಅಂಗಡಿಗೆ ಹೋಗುವ ಮುಂಚೆ ಡಬ್ಬಗಳನ್ನೆಲ್ಲ ತೆರೆದು ನೋಡುವಳು. ಇರುವುದನ್ನು ಮತ್ತೆ ತರುವ ಮಾತಿಲ್ಲ. ಸಂತೆಗೆ ಹೊತ್ತು ಇಳಿದ ಮೇಲೆಯೇ ಹೋಗುವಳು, ಮಾರುವವರು ಗಾಡಿ ಕಟ್ಟುವ ಹೊತ್ತಿಗೆ. ಹೀರೆಕಾಯಿ ಪಲ್ಯವಾದರೆ ಅದರ ಸಿಪ್ಪೆ ಚಟ್ನಿಯಾಗುತ್ತಿತ್ತು. ಹುಳಿ ಬಂದ ಮಜ್ಜಿಗೆ ಮಜ್ಜಿಗೆಹುಳಿಯಾಗುತ್ತಿತ್ತು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ನಿಂಬೆಹಣ್ಣು ಕಂಡು ಹೊಸದಾಗುತ್ತಿತ್ತು. ನನ್ನೊಳಗಿನ ಗಸಿ ಕೂಡ ಕೊನೆಗೆ ಕರಿಬೇವಿನ ಗಿಡದ ಬುಡಕ್ಕೆ.

ಒಮ್ಮೆ ಆಕೆಗೆ ಜ್ವರ ಬಂದು ರಾಮಶೇಷಯ್ಯನವರು ತಾವೇ ಸಂತೆಗೆ ಹೋದರು. ಮಾರುವವನು ಸ್ವಾಮಿ ಎಂದು ಕರೆದನಂತೆ. ಇವರು ಚೀಲದ ತುಂಬ ಬಾಡಿದ ಹುರುಳಿಕಾಯಿ ಹೊತ್ತು ತಂದರು.

"ನಿಮ್ಮನ್ನು ಸಂತೆಗೆ ಕಳಿಸಿದರೆ ಸಂತೆಯವರಿಗೆ ಹಬ್ಬ ರೀ," ಎಂದಳು ಮೀನಾಕ್ಷಮ್ಮ, ಕಂಬಳಿಯೊಳಗಿಂದಲೇ. ಅವರು ನಕ್ಕರು. ಅಂದಿನಿಂದ ಅಡಿಗೆಮನೆಯ ವ್ಯವಹಾರಕ್ಕೆ ಅವರು ಕೈ ಹಾಕಲಿಲ್ಲ.

ಆ ಮನೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಏಳಲಿಲ್ಲ. ರುಚಿ ಕಡಿಮೆಯಾಗದಂತೆ ಖರ್ಚು ಕಡಿಮೆ ಮಾಡುವುದು ಭಗವಂತ ಆಕೆಗೆ ಕೊಟ್ಟ ಬುದ್ಧಿ. ನನಗೆ ಇದ್ದ ಸಂಕಟ ಒಂದೇ. ಕಾಫಿಪುಡಿಯ ಬೆಲೆ ಏರಿದಾಗಲೆಲ್ಲ ಆಕೆ ಪುಡಿ ಹಾಕುವ ಚಮಚದಲ್ಲಿ ಸ್ವಲ್ಪ ಕಡಿಮೆ ಮಾಡುತ್ತಿದ್ದಳು. ಹಾಗೆ ಕಡಿಮೆಯಾದದ್ದು ಬೇರೆ ಯಾರ ಲೋಟದಲ್ಲೂ ಕಾಣಿಸುತ್ತಿರಲಿಲ್ಲ. ಆಕೆಯ ಎರಡನೆಯ ನೀರು ಮಾತ್ರ ಇನ್ನಷ್ಟು ತೆಳುವಾಗುತ್ತಿತ್ತು.

ಈ ಗುಟ್ಟು ರುದ್ರಮ್ಮನೊಬ್ಬಳಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ಬೇಳೆ ಹಂಚಿಕೊಳ್ಳಲು ಬಂದವಳು ಆ ಲೋಟವನ್ನು ನೋಡಿ, ಇದೇನು ಕಾಫಿಯೋ ಪಾತ್ರೆ ತೊಳೆದ ನೀರೋ ಎಂದು ಕೇಳಿಯೇಬಿಟ್ಟಳು.

"ದೊಡ್ಡ ನಾದಿನಿ ಮದುವೆಯೊಂದು ಆಗಲಿ ರುದ್ರಕ್ಕ," ಎಂದಳು ಮೀನಾಕ್ಷಮ್ಮ. "ಆಮೇಲೆ ನಾನೂ ಒಂದು ಲೋಟ ಗಟ್ಟಿ ಕಾಫಿ ಕುಡೀತೀನಿ. ನಮ್ಮಪ್ಪನ ಮನೇಲಿ ಕುಡಿದ ಹಾಗೆ."

ದೊಡ್ಡ ನಾದಿನಿಯ ಮದುವೆಯಾಯಿತು. ಚಿಕ್ಕವಳದೂ ಆಯಿತು. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಅವರು ಕಣ್ಣು ಮುಚ್ಚುವ ಹೊತ್ತಿಗೆ ಮಗಳು ಗಿರಿಜೆಯ ಕಾಲೇಜು ಬಂತು, ಅದರ ಹಿಂದೆ ಅವಳ ಮದುವೆ. ಪ್ರತಿಸಲವೂ ರುದ್ರಮ್ಮ ಕೇಳುವಳು, ಪ್ರತಿಸಲವೂ ಮೀನಾಕ್ಷಮ್ಮ ಇದೊಂದು ಆಗಲಿ ಎನ್ನುವಳು.

ರಾಮಶೇಷಯ್ಯನವರೋ ಬಂದವರ ಮುಂದೆ ಹೆಮ್ಮೆಯಿಂದ, ನಮ್ಮವಳಿಗೆ ತೆಳು ಕಾಫಿಯೇ ಪ್ರೀತಿ, ತೋಟದಲ್ಲಿ ಹುಟ್ಟಿದವಳು ನೋಡಿ, ಗಟ್ಟಿ ಕಾಫಿ ಕುಡಿದು ಕುಡಿದು ಬೇಸರವಾಗಿದೆ ಎನ್ನುತ್ತಿದ್ದರು. ಅವರು ಹಾಸ್ಯಕ್ಕೆ ಹೇಳಿದ್ದಲ್ಲ, ನಿಜವೆಂದೇ ನಂಬಿದ್ದರು. ಒಳಗೆ ಆಕೆ ಸೆರಗಿನಿಂದ ನನ್ನ ಮುಚ್ಚಳ ಒರೆಸುತ್ತ ಸುಮ್ಮನೆ ನಗುವಳು.

ಕೊನೆಗೆ ಮನೆಯಲ್ಲಿ ಇಬ್ಬರೇ ಉಳಿದರು. ಪುಡಿಗೆ ಕೊರತೆಯಿರಲಿಲ್ಲ. ಗಿರಿಜೆಯ ಎರಡನೆಯ ಬಾಣಂತನ ಮುಗಿಸಿಕೊಂಡು ಬಂದ ಮೇಲೆ ಇನ್ನು ಯಾವ ನೆಪವೂ ಇಲ್ಲ ಎಂದು ನಾನು ಸಂತೋಷಪಟ್ಟೆ. ಆ ಕಾರ್ತಿಕದಲ್ಲೇ ಮೀನಾಕ್ಷಮ್ಮನ ಗಂಟಲಲ್ಲಿ ಏನೋ ಕಾಣಿಸಿಕೊಂಡಿತು.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆ ಸುಡಲು ಕರೆಂಟು ಕೊಟ್ಟರಂತೆ. ಅವರು ಹಿಂದಿರುಗಿ ಬಂದಾಗ ನನಗೆ ಆಕೆಯ ಗುರುತೇ ಸಿಗಲಿಲ್ಲ. ಆಗ ಮನೆಗೆ ಬಂದ ರುದ್ರಮ್ಮ, ಅಡಿಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದ ರಾಮಶೇಷಯ್ಯನವರಿಗೆ ಆ ಮಾತು ಹೇಳಿದಳು. ಹೇಳಬಾರದು ಎಂದುಕೊಂಡಿದ್ದಳಂತೆ, ಆದರೆ ತಡೆಯಲಾಗಲಿಲ್ಲ.

"ರಾಯರೇ, ಅವಳಿಗೆ ತೆಳು ಕಾಫಿ ಯಾವತ್ತೂ ಸೇರಲಿಲ್ಲ. ನಿಮಗೆಲ್ಲ ಬೆರೆಸಿ ಕೊಟ್ಟಮೇಲೆ ಉಳಿದದ್ದು ಅದೇ."

ಅವರು ಗಂಜಿಯ ಸೌಟು ಹಿಡಿದುಕೊಂಡು ನಿಂತೇ ಇದ್ದರು. ಗಂಜಿ ತಳ ಹಿಡಿಯಿತು.

ಮರುದಿನ ಸಂಧ್ಯಾವಂದನೆ ಮುಗಿಸಿ ಅವರು ನನ್ನನ್ನು ಗೂಡಿನಿಂದ ಇಳಿಸಿಕೊಂಡರು. ಅವರ ಕೈ ನನಗೆ ಹೊಸದು. ಬಿಲ್ಲೆಯನ್ನು ತಲೆಕೆಳಗಾಗಿ ಇಟ್ಟರು, ಮತ್ತೆ ತೆಗೆದರು. ಪುಡಿಯನ್ನು ಚಮಚ ಬಿಟ್ಟು ಕೈಯಿಂದಲೇ ತುಂಬಿದರು. ನೀರು ಹೊಯ್ದು ನನ್ನ ಎದುರು ಮಣೆಯ ಮೇಲೆ ಕುಳಿತರು. ನಾನು ನನ್ನಲ್ಲಿದ್ದ ಸಾರವನ್ನೆಲ್ಲ ಇಳಿಸಿದೆ. ಅಷ್ಟು ಕಪ್ಪಾದ ಡಿಕಾಕ್ಷನ್ ಆ ಮನೆಯಲ್ಲಿ ಅದಕ್ಕೆ ಮುಂಚೆ ಇಳಿದಿರಲಿಲ್ಲ. ಹಾಲು ಬೆರೆಸಿ, ನೊರೆ ಬರುವ ಹಾಗೆ ಎತ್ತಿ ಹೊಯ್ದು, ನಡುಮನೆಯ ಹಾಸಿಗೆಯ ಹತ್ತಿರ ಒಯ್ದರು.

ಬಾಗಿಲು ತೆರೆದಿತ್ತು, ನನಗೆ ಕೇಳಿಸುತ್ತಿತ್ತು. ಒಂದು ಗುಟುಕಿಗೆ ಎಷ್ಟೋ ಹೊತ್ತು ಹಿಡಿಯಿತು.

"ಹೇಗಿದೆ?"

"ಚೆನ್ನಾಗಿದೆ ರೀ. ನಮ್ಮಪ್ಪನ ಮನೇಲಿ ಕುಡಿದ ಹಾಗೇ ಇದೆ."

"ಸಕ್ಕರೆ ಸಾಕಾ?"

"ಸರಿಯಾಗಿದೆ."

ಇನ್ನು ಸಾಕು, ಉಳಿದದ್ದು ನೀವು ಕುಡೀರಿ ಎಂದಳು. ಅವರು ಲೋಟ ಹಿಡಿದು ಒಳಗೆ ಬಂದರು. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಇತ್ತು. ಉಳಿದದ್ದನ್ನು ಬಾಯಿಗೆ ಹೊಯ್ದುಕೊಂಡರು. ಅದು ಬರಿಯ ಕಹಿ. ಅವರು ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಡಬ್ಬದ ಮುಚ್ಚಳ ತೆರೆದೇ ಇರಲಿಲ್ಲ.

ಆಕೆಯ ನಾಲಗೆ ಆಸ್ಪತ್ರೆಯಲ್ಲೇ ಸತ್ತಿತ್ತು. ಸಿಹಿ ಯಾವುದು, ಕಹಿ ಯಾವುದು, ಅದಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಪರಿಮಳವಾದರೂ ತಲುಪಿತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ರಾಮಶೇಷಯ್ಯನವರು ಗೋಡೆಗೆ ಹಣೆ ಒತ್ತಿ ನಿಂತುಕೊಂಡರು. ಹೊರಗೆ ಹೋಗುವಾಗ ಕಣ್ಣು ಒರೆಸಿಕೊಂಡು, ಆಕೆಗೆ ಏನೂ ಗೊತ್ತಾಗದ ಹಾಗೆ, ನಾಳೆಯೂ ಮಾಡಿಕೊಡುತ್ತೇನೆ ಎಂದರು. ಮಾಡಿಯೂ ಕೊಟ್ಟರು, ಸಕ್ಕರೆ ಹಾಕಿ. ಅದಕ್ಕೂ ಆಕೆ ಚೆನ್ನಾಗಿದೆ ಎಂದಳು. ಯುಗಾದಿ ಬರುವ ಮುಂಚೆ ಆಕೆ ದೇವರ ಪಾದ ಸೇರಿದಳು.

ವರ್ಷಾಬ್ದಿಕ ಕಳೆದ ಮೇಲೆ ರಾಮಶೇಷಯ್ಯನವರು ಗಯೆಗೆ ಹೋಗಿ ಹೆಂಡತಿಗೆ ಪಿಂಡ ಹಾಕಿ ಬಂದರು. ಅಲ್ಲಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಂತೆ, ಆಮೇಲೆ ಜೀವ ಇರುವವರೆಗೂ ಅದನ್ನು ಮುಟ್ಟುವಂತಿಲ್ಲ. ಜೊತೆಗೆ ಬಂದಿದ್ದ ಒಬ್ಬರು ಹಾಗಲಕಾಯಿ ಬಿಟ್ಟರಂತೆ. ಇನ್ನು ಮನೆಯವಳು ಒತ್ತಾಯ ಮಾಡುವ ಹಾಗಿಲ್ಲ ಎಂದು ರೈಲಿನ ಉದ್ದಕ್ಕೂ ಖುಷಿಪಟ್ಟರಂತೆ. ಇವರು ಕಾಫಿ ಬಿಟ್ಟು ಬಂದರು. ಇದನ್ನೆಲ್ಲ ಅವರು ಗಿರಿಜೆಗೆ ಹೇಳುವಾಗ ನಾನು ಕೇಳಿಸಿಕೊಂಡೆ. ಕೇಳಿ, ನನ್ನ ಆಯುಸ್ಸೂ ಮುಗಿಯಿತು ಎಂದುಕೊಂಡೆ.

ಮರುವರ್ಷದ ಶ್ರಾದ್ಧಕ್ಕೆ ಗಿರಿಜೆ ಗಂಡ, ಮಕ್ಕಳು, ಅತ್ತೆಮಾವಂದಿರೊಡನೆ ಬಂದಳು. ಶ್ರಾದ್ಧದ ಮರುದಿನ ಬೆಳಿಗ್ಗೆ ನನ್ನನ್ನು ಬೆಳಗಿ ಕಾಫಿಗೆ ಇಟ್ಟಳು. ಗಂಡನಿಗೆ, ಅತ್ತೆಮಾವಂದಿರಿಗೆ, ಉಳಿದುಕೊಂಡಿದ್ದ ನೆಂಟರಿಗೆ ಬೆರೆಸಿ ಕೊಟ್ಟಳು. ಆಮೇಲೆ, ಯೋಚನೆಯೇ ಇಲ್ಲದೆ, ಅದೇ ಪುಡಿಯ ಮೇಲೆ ಬಿಸಿನೀರು ಹೊಯ್ದಳು. ಬಾಗಿಲಲ್ಲಿ ರಾಮಶೇಷಯ್ಯನವರು ನಿಂತಿದ್ದರು.

"ಯಾರಿಗಮ್ಮ ಅದು?"

"ನನಗೇ ಅಪ್ಪ. ಪುಡಿ ಯಾಕೆ ದಂಡ ಮಾಡೋದು? ಅಮ್ಮನೂ ಹೀಗೇ ಮಾಡ್ತಿದ್ದಳಲ್ಲ."

ಅವರು ಒಳಗೆ ಬಂದು ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ಚೆಲ್ಲಿದ ಸಾಸಿವೆಯನ್ನೂ ಆರಿಸಿಡುತ್ತಿದ್ದ ಮನೆಯ ಯಜಮಾನರು ಇಳಿದದ್ದನ್ನೂ ಇಳಿಯಬೇಕಾದದ್ದನ್ನೂ ನೆಲಕ್ಕೆ ಸುರಿದುಬಿಟ್ಟರು. ತೊಳೆದು ತಂದು, ಹೊಸ ಪುಡಿ ತುಂಬಿ, ಬಿಲ್ಲೆಯನ್ನು ಈ ಸಲ ಸರಿಯಾಗಿ ಒತ್ತಿ, ನೀರು ಹೊಯ್ದರು. ಮುಟ್ಟುವುದಿಲ್ಲವೆಂದು ಗಯೆಯಲ್ಲಿ ಬಿಟ್ಟದ್ದು ಕುಡಿಯುವುದನ್ನು, ಕೊಡುವುದನ್ನಲ್ಲ. ಹಾಲು ಸಕ್ಕರೆ ಬೆರೆಸಿ ಲೋಟವನ್ನು ಮಗಳ ಮುಂದೆ ಹಿಡಿದರು. ಅವಳು, ಇರಲಿ ಅಪ್ಪ, ಮಕ್ಕಳಿಗೆ ತಿಂಡಿ ಕೊಟ್ಟು ಬರುತ್ತೇನೆ ಎಂದು ಏಳಹೋದಳು.

"ನಿಮ್ಮಮ್ಮ ಆಮೇಲೆ ಕುಡೀತೀನಿ ಅಂದಳು, ಗಿರಿಜಾ," ಎಂದರು. "ನೀನು ಈಗ ಕುಡಿ."

ಗಿರಿಜೆ ಅಲ್ಲೇ ಮಣೆಯ ಮೇಲೆ ಕುಳಿತು ಕುಡಿದಳು. ಕಣ್ಣೀರು ಲೋಟದೊಳಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಳದ ನೊರೆಯವರೆಗೂ ಕುಡಿದು ಮುಗಿಸುವ ತನಕ ಆ ಮುದುಕರು ಕದಲಲಿಲ್ಲ.

ಈಗ ನಾನು ಗೂಡಿನಲ್ಲಿ ಒರಗಿಕೊಂಡಿರುತ್ತೇನೆ. ಗಿರಿಜೆ ಬಂದಾಗ ಮಾತ್ರ ಇಳಿಯುತ್ತೇನೆ. ಸಂಜೆ ದೇವರ ಮನೆಯಲ್ಲಿ ದೀಪ ಹಚ್ಚಿದಾಗ ಅದರ ಬೆಳಕು ನನ್ನ ಮೇಲೂ ಸ್ವಲ್ಪ ಬೀಳುತ್ತದೆ. ಆ ಹೊತ್ತಿನಲ್ಲಿ ನಾನೂ ನನ್ನ ಮೊರೆ ಇಡುತ್ತೇನೆ. ಹುಣಸೆಹಣ್ಣು ಉಳಿಸಿದಳು, ಬೇಳೆ ಉಳಿಸಿದಳು, ಅದರಲ್ಲಿ ಒಂದೂ ತಪ್ಪಿಲ್ಲ ಸ್ವಾಮಿ, ಅದರಿಂದಲೇ ಈ ಮನೆ ನಿಂತಿತು. ಎಲ್ಲರ ಪಾಲನ್ನೂ ಅವಳು ಎತ್ತಿಟ್ಟಳು. ಅವಳ ಪಾಲನ್ನು ಇಲ್ಲಿ ಯಾರೂ ಎತ್ತಿಡಲಿಲ್ಲ. ನೀನಾದರೂ ಎತ್ತಿಟ್ಟಿದ್ದರೆ, ಬಿಸಿಯಾಗಿರುವಾಗಲೇ ಕೊಡು.