ಗೆರಟೆ ಬಡಿಯುವವರು ಯಾರು?

ಬೆಳಿಗ್ಗೆ ಎಂಟೂಮುಕ್ಕಾಲು ಗಂಟೆಯಾದರೆ ನಮ್ಮ ಆಶಾಳಿಗೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ.

ನಮ್ಮದು ಮಣ್ಣಗುಡ್ಡದಲ್ಲಿ ಬಾಡಿಗೆ ಮನೆ. ನನ್ನ ಗಂಡ ಮಹಾಬಲ ಶೆಟ್ಟರಿಗೆ ಹಂಪನಕಟ್ಟೆಯ ಹೋಟೆಲೊಂದರಲ್ಲಿ ಕೆಲಸ. ಮಗಳು ಆಶಾಲತಾ ಒಂದನೇ ಕ್ಲಾಸು. ಮಗ ಚಿತ್ತರಂಜನ ನಾಲ್ಕು ತಿಂಗಳ ಕೂಸು, ಕರೆಯುವುದು ರಂಜು. ಅವನು ಹುಟ್ಟಿದ ಮೇಲೆಯೇ ಈ ಹೊಟ್ಟೆನೋವು ಶುರುವಾದದ್ದು.

ಆಶಾ ಚಾಪೆಯ ಮೇಲೆ ಮುದುಡಿಕೊಂಡು "ಅಮ್ಮಾ" ಎಂದು ಅಳುತ್ತಿದ್ದಳು. ನಾನು ರಂಜುವನ್ನು ತೊಟ್ಟಿಲಿಗೆ ಹಾಕಿ ಓಡುತ್ತಿದ್ದೆ. ಓಮದ ಕಷಾಯಕ್ಕೆ ಬೆಲ್ಲ ಹಾಕಿ ಕುಡಿಸುತ್ತಿದ್ದೆ. ಮಡಿಲಲ್ಲಿ ಮಲಗಿಸಿ ತಲೆ ಸವರುತ್ತಿದ್ದೆ. ಗಂಟೆ ಹತ್ತಾಗುವಾಗ ಶಾಲೆಯೂ ಇಲ್ಲ, ನೋವೂ ಇಲ್ಲ. ಡಾಕ್ಟರಿಗೆ ಎರಡು ಸಲ ತೋರಿಸಿದೆವು. ಮಗುವಿಗೆ ಏನೂ ಇಲ್ಲ ಎಂದರು.

ಆಗಸ್ಟ್ ತಿಂಗಳಲ್ಲಿ ಶಾಲೆಯಿಂದ ಚೀಟಿ ಬಂತು. ಮಗು ಹೀಗೆಯೇ ತಪ್ಪಿಸಿದರೆ ಮುಂದಿನ ವರ್ಷವೂ ಒಂದನೇ ಕ್ಲಾಸು ಎಂದು ಬರೆದಿದ್ದರು. ಇವರು ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಇನ್ನೊಂದು ಚೀಟಿ ಬಂದರೆ ಕಾರ್ಕಳದ ಅಕ್ಕನ ಮನೆಗೆ ಬಿಟ್ಟು ಬರ್ತೇನೆ. ಅಕ್ಕನಿಗೆ ಮಕ್ಕಳಿಲ್ಲ, ಕೇಳ್ತಾನೇ ಇದ್ದಾಳೆ. ಅಲ್ಲಿ ಶಾಲೆಯೂ ಉಂಟು, ಭಾವನ ಕೈಯಲ್ಲಿ ಬೆತ್ತವೂ ಉಂಟು."

ಆರು ವರ್ಷದ ಮಗುವನ್ನು ಬಿಟ್ಟು ಇರುವುದು ಹೇಗೆ? ನನ್ನ ಎದೆಹಾಲು ಬತ್ತಿದ ಹಾಗಾಯಿತು.

ಇದಕ್ಕಿಂತಲೂ ನನ್ನನ್ನು ಸುಡುತ್ತಿದ್ದದ್ದು ಇನ್ನೊಂದು. ಗೋಡೆಯಾಚೆ ನಾಝಿಮಾಳ ಮನೆ. ಗಂಡ ಉಸ್ಮಾನ್ ದುಬೈಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವುದು. ಅತ್ತೆ ತೀರಿಹೋದ ಮೇಲೆ ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ಹನ್ನೊಂದು ಕೋಳಿ. ನನ್ನ ಮನೆಯಲ್ಲಿ ಬಟ್ಟಲು ಎಸೆಯುವ ಆಶಾ ಅಲ್ಲಿ ಹೇಳದೆಯೇ ಕಾಲು ತೊಳೆಯುತ್ತಿದ್ದಳು. ನಾನು ಹತ್ತು ಸಲ ಕರೆದರೂ ಬಾರದವಳು ಅವಳ ಒಂದು ಮಾತಿಗೆ ಎದ್ದು ಹೋಗುತ್ತಿದ್ದಳು.

"ಆಶಾ ಎಷ್ಟು ಪಾಪದ ಮಗು, ಕುಶಲಕ್ಕಾ! ಒಂದು ಚೂರೂ ತಂಟೆ ಇಲ್ಲ." ಎಂದು ನಾಝಿಮಾ ಒಂದು ದಿನ ಗೋಡೆಯ ಮೇಲಿಂದ ಹೇಳಿದಳು. ಒಲೆಯ ಕೆಂಡ ಬಾಯಿಗೆ ಬಿದ್ದ ಹಾಗಾಯಿತು ನನಗೆ.

"ಪಾಪ ಇರದೆ ಎಂತ? ದುಬೈಯ ಚಾಕಲೇಟು ತಿನ್ನಿಸಿ ತಿನ್ನಿಸಿ ನನ್ನ ಮಗಳನ್ನು ಬುಟ್ಟಿಗೆ ಹಾಕಿದ್ದೀಯಲ್ಲ!"

ನಾಝಿಮಾ ಒಳಗೆ ಹೋಗಿ ಚಾಕಲೇಟಿನ ಡಬ್ಬ ತಂದು ಗೋಡೆಯ ಮೇಲಿಟ್ಟಳು. ಮುಚ್ಚಳದ ಸುತ್ತ ಅಂಗಡಿಯ ಟೇಪು ಹಾಗೆಯೇ ಇತ್ತು.

ತಪ್ಪು ನನ್ನದೆಂದು ಗೊತ್ತಾಯಿತು. ಆದರೂ ಕಿಚ್ಚು ಆರಲಿಲ್ಲ. ನಾಲ್ಕು ದಿನ ಆಶಾಳನ್ನು ಆ ಕಡೆ ಕಳುಹಿಸಲಿಲ್ಲ.

ಆ ಶನಿವಾರ ರಂಜುವಿಗೆ ಟ್ರಿಪಲ್ ಇಂಜೆಕ್ಷನ್ ಹಾಕಿಸಿದ್ದೆ. ಜ್ವರ ಉಂಟಾ ಎಂದು ನೋಡಲು ನಾವೆಲ್ಲ ಬಾಯಿ ಎಂದೇ ಕರೆಯುವ ನರ್ಸ್ ಹೆಲನ್ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬಂದರು. ಬಾಯಿಯ ಬಿಳಿ ಸೀರೆ ಕಂಡದ್ದೇ ಆಶಾ ಕದದ ಹಿಂದೆ ಓಡಿದಳು.

"ನೋಡು, ಕುಶಲಾ. ಸೂಜಿ ಚುಚ್ಚಿದ್ದು ಯಾವಾಗಲೋ. ಇವತ್ತು ನನ್ನ ಕೈ ಖಾಲಿ. ಆದರೂ ಸೀರೆ ಕಂಡರೆ ಹೆದರಿಕೆ. ಯಾರೂ ಪಾಠ ಹೇಳಲಿಲ್ಲ, ಮಗು ತಾನೇ ಕಲಿತದ್ದು," ಎಂದು ಬಾಯಿ ನಕ್ಕರು.

ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಚೀಟಿ, ಕಾರ್ಕಳ, ನಾಝಿಮಾ, ಎಲ್ಲ. ಬಾಯಿ ಕೇಳುತ್ತಾ ಕೇಳುತ್ತಾ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಷ್ಟರಲ್ಲಿ ನಾಝಿಮಾ ಅಂಗಳಕ್ಕೆ ಬಂದು ತೆಂಗಿನ ಖಾಲಿ ಚಿಪ್ಪನ್ನು, ನಮ್ಮ ಕಡೆಯ ಗೆರಟೆಯನ್ನು, ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿದಳು. ಬೇಲಿಯ ಬುಡದಿಂದ, ಬಾವಿಕಟ್ಟೆಯ ಹಿಂದಿನಿಂದ ಕೋಳಿಗಳೆಲ್ಲ ಓಡಿಬಂದವು. ಅವಳು ಒಂದು ಹಿಡಿ ನುಚ್ಚು ಚೆಲ್ಲಿದಳು.

"ಗೆರಟೆಯಲ್ಲಿ ಎಂತ ಉಂಟು ಅಂತ ಕೋಳಿ ಓಡ್ತದೆ?" ಬಾಯಿ ಕೇಳಿದರು.

"ನುಚ್ಚು ಸಿಗ್ತದೆ ಅಂತ ಗೊತ್ತುಂಟಲ್ಲ."

"ಸರಿ. ಆಶಾ ಹೊಟ್ಟೆನೋವು ಅಂದರೆ ನೀನು ಎಂತ ಮಾಡ್ತೀ?"

"ಮಡಿಲಲ್ಲಿ ಹಾಕಿಕೊಳ್ತೇನೆ."

"ಆಗ ರಂಜು?"

"ತೊಟ್ಟಿಲಲ್ಲಿ."

"ಅವಳು ಸುಮ್ಮನೆ ಕೂತು ಬರೆಯುವಾಗ?"

"ಆಗಲ್ವಾ, ಬಾಯಿ, ನನಗೆ ಬಟ್ಟೆ ಒಗೆಯಲಿಕ್ಕೆ ಪುರುಸೊತ್ತು ಸಿಗುವುದು!"

"ಹಾಗಾದರೆ ನಿಮ್ಮ ಮನೆಯಲ್ಲಿ ಗೆರಟೆ ಬಡಿಯುವುದು ಯಾರು? ಓಡಿ ಬರುವುದು ಯಾರು?"

ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. "ಮಕ್ಕಳೆಂದರೆ ಕೋಳಿಯಾ, ಬಾಯಿ? ಅವಳು ಸುಳ್ಳು ಹೇಳ್ತಾಳೆ ಅಂತಲಾ?"

"ಸುಳ್ಳಲ್ಲ, ಮಾರಾಯ್ತಿ. ಅವಳು ಅತ್ತು ಗೆರಟೆ ಬಡೀತಾಳೆ, ಓಡುವುದು ನೀನು; ಅವಳಿಗೆ ಸಿಗುವ ನುಚ್ಚು ನಿನ್ನ ಮಡಿಲು. ಅತ್ತರೆ ಅಮ್ಮ ಸಿಗ್ತಾಳೆ, ಸುಮ್ಮನಿದ್ದರೆ ಸಿಗುವುದಿಲ್ಲ ಅಂತ ಕಲಿತಿದ್ದಾಳೆ. ನೀನೇ ಕಲಿಸಿದ್ದು. ಕೋಳಿಗೆ ನುಚ್ಚು ಸಾಕು, ಮಗುವಿಗೆ ನೀನು ಬೇಕು. ಅತ್ತಾಗ ಕೊಡುವುದನ್ನು ಅಳದಿದ್ದಾಗ ಕೊಡು. ಹೇಗೆ ಅಂತ ನಾಝಿಮಾಳನ್ನೇ ಕೇಳು."

ನಾಝಿಮಾಳನ್ನು ಕೇಳುವುದು ಹಾಗಲಕಾಯಿ ಹಸಿಯಾಗಿ ತಿಂದ ಹಾಗೆ. ಆದರೆ ಕಾರ್ಕಳದ ಬೆತ್ತ ಕಣ್ಣೆದುರು ಬಂತು. ಮರುದಿನ ರಂಜುವನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದಳು.

"ನಾನು ಎಂತದೂ ಮಾಡುವುದಿಲ್ಲ, ಕುಶಲಕ್ಕ. ಅಳುತ್ತಾ ಬಂದರೆ ಅಳು ಮುಗಿಯಲಿ ಅಂತ ನನ್ನ ಕೆಲಸ ಮಾಡ್ತೇನೆ. ಮುಗಿದ ಮೇಲೆ ಕೋಳಿ ಎಣಿಸಲಿಕ್ಕೆ ಕರೀತೇನೆ. ನೀನಿಲ್ಲದಿದ್ದರೆ ಒಂದು ಹೊರಗೆ ಉಳೀತಿತ್ತು ಅಂತೇನೆ. ಅಷ್ಟಕ್ಕೇ ಅವಳಿಗೆ ಖುಷಿ."

ಮತ್ತೊಂದು ಮಾತನ್ನೂ ಅವಳು ಹೇಳಿದಳು. ಹಿಂದೆ ಕೋಳಿಗೂಡು ಅಡುಗೆಮನೆಯ ಬಾಗಿಲಲ್ಲಿತ್ತಂತೆ. ಬಾವಿಯ ಕಡೆಗೆ ಬದಲಿಸಿದಾಗ ಕೋಳಿಗಳು ಹಳೇ ಜಾಗಕ್ಕೇ ಬಂದು ಮೊದಲಿಗಿಂತ ಜೋರಾಗಿ ಕೂಗಿದವಂತೆ.

"ಮೂರನೇ ದಿನ ಪಾಪ ಅನ್ನಿಸಿ ಅಲ್ಲಿಯೇ ಒಂದು ಹಿಡಿ ಹಾಕಿದೆ. ಕೆಲಸ ಕೆಟ್ಟಿತು. ಮತ್ತೆ ಹತ್ತು ದಿನ ಅಲ್ಲಿಯೇ ಬೊಬ್ಬೆ! ನೀವು ಶುರು ಮಾಡಿದರೆ ನಡುವೆ ಸೋಲಬೇಡಿ."

ನಾನು ಏಳುವಾಗ ಅವಳು ತಲೆ ತಗ್ಗಿಸಿಯೇ ಹೇಳಿದಳು: "ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ಗೊತ್ತುಂಟು. ನನಗೂ ಉಂಟು. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಅಳು ಕೇಳುವಾಗ, ಅಳಲಿಕ್ಕೆ ಒಂದು ಮಗುವಾದರೂ ಉಂಟಲ್ಲ ಅಂತ ನನ್ನ ಹೊಟ್ಟೆ ಉರೀತದೆ."

ನಾನು ಅವಳ ಕೈಗೆ ನೀರು ಹೊಯ್ದೆ. ರಂಜುವನ್ನು ಅವಳ ಮಡಿಲಲ್ಲಿ ಮಲಗಿಸಿ, ಉಳಿದ ಮೀನನ್ನು ನಾನೇ ಕೊಯ್ದೆ.

ಸೋಮವಾರ ಎಂಟೂಮುಕ್ಕಾಲಿಗೆ ಅಳು ಶುರು. "ಹೌದಾ ಮಗಾ? ಸ್ವಲ್ಪ ಮಲಗು, ಕಡಿಮೆಯಾಗ್ತದೆ," ಎಂದು ಒಂದು ಲೋಟ ಬಿಸಿನೀರು ಕೊಟ್ಟೆ. ಬೆಲ್ಲವಿಲ್ಲ, ಮಡಿಲಿಲ್ಲ. ಬೈಗುಳವೂ ಇಲ್ಲ. ಅಳು ಜೋರಾಯಿತು. ಮಂಗಳವಾರ ಇನ್ನೂ ಜೋರು. ಬುಧವಾರ ಸ್ಲೇಟು ಎಸೆದಳು, ಒಂದು ಮೂಲೆ ಒಡೆಯಿತು. ಇವರು ಅಂಗಿಯ ಗುಂಡಿ ಹಾಕುತ್ತಾ ಓಡಿಬಂದು ಕಷಾಯದ ಪಾತ್ರೆಗೆ ಕೈಹಾಕಿದರು.

"ಮಗು ಹೀಗೆ ಅಳುವಾಗ ನೋಡಿಕೊಂಡು ನಿಲ್ಲುವುದಾ?"

"ಗೆರಟೆ ಬಡಿಯಲಿ. ನೀವು ಓಡಬೇಡಿ."

"ಎಂತ ಗೆರಟೆ ಮಾರಾಯ್ತಿ? ತಲೆ ಸರಿ ಉಂಟಾ ನಿನಗೆ?"

"ಮೊನ್ನೆ ಬೆತ್ತದ ಹತ್ತಿರ ಕಳಿಸ್ತೇನೆ ಅಂದವರು ನೀವೇ. ನನಗೆ ಹತ್ತು ದಿನ ಕೊಡಿ."

ಅವರು ಪಾತ್ರೆ ಕೆಳಗಿಟ್ಟರು. ನಾನು ಅಡುಗೆಮನೆಯಲ್ಲಿ ಸೆರಗು ಕಚ್ಚಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಅಳು ನಿಂತಿತು. ಇಣುಕಿದರೆ ಆಶಾ ಚಾಪೆಯಿಂದ ಎದ್ದು ತೊಟ್ಟಿಲನ್ನು ಮೆಲ್ಲನೆ ತೂಗುತ್ತಿದ್ದಳು. ನಾನು ಕೈಯಲ್ಲಿದ್ದ ಸೌಟನ್ನು ಅಲ್ಲಿಯೇ ಬಿಟ್ಟು ಓಡಿದೆ.

"ತಮ್ಮನನ್ನು ತೂಗಿದ್ದು ನೀನಾ? ಬಾ, ಜಡೆ ಹಾಕ್ತೇನೆ," ಎಂದು ಮಡಿಲಿಗೆ ಎಳೆದುಕೊಂಡೆ.

ಅವಳು ಮುಖ ಹುದುಗಿಸಿ ಕೇಳಿದಳು: "ನಾನು ಶಾಲೆಗೆ ಹೋದರೆ ನೀನು ಇಡೀ ದಿನ ಅವನದ್ದೇ ಅಲ್ವಾ?"

ಹೊಟ್ಟೆನೋವಿನ ಹಿಂದೆ ಇದ್ದದ್ದು ಹೊಟ್ಟೆಕಿಚ್ಚು. ಗೋಡೆಯ ಎರಡೂ ಕಡೆ ನಾವು ಮೂವರೂ ಹೆಣ್ಣುಗಳು ಒಂದೇ ಕಿಚ್ಚಿನಲ್ಲಿ ಬೇಯುತ್ತಿದ್ದೆವು ಎನ್ನಿ. ನಾಝಿಮಾಳನ್ನೂ ಸೇರಿಸಿಯೇ ಹೇಳುತ್ತೇನೆ.

"ಶಾಲೆ ಬಿಟ್ಟು ಬಂದಾಗ ಈ ಮಡಿಲು ನಿನ್ನದು. ಆಗ ರಂಜು ನಾಝಿಮಾಳ ಹತ್ತಿರ," ಎಂದೆ. ಅಂದು ಸಂಜೆಯಿಂದ ಒಂದು ದಿನವೂ ಮಾತು ತಪ್ಪಲಿಲ್ಲ.

ಆ ಶುಕ್ರವಾರ ಅವಳು ಮೂಲೆ ಒಡೆದ ಸ್ಲೇಟು ಹಿಡಿದು ಶಾಲೆಗೆ ಹೋದಳು. ಮುಂದಿನ ವಾರ ಒಂದು ದಿನ ಮತ್ತೆ ಅತ್ತಳು, ನಾನು ಸೋಲಲಿಲ್ಲ. ಎರಡನೇ ಚೀಟಿ ಬರಲಿಲ್ಲ. ಇವರು ಕಾರ್ಕಳಕ್ಕೆ ಇನ್‌ಲ್ಯಾಂಡ್ ಕಾಗದ ಬರೆದರು: "ಆಶಾ ರಜೆಯಲ್ಲಿ ಮಾತ್ರ ಬರುತ್ತಾಳೆ." ಬರೆದು ಮುಗಿಸಿ, "ಏಯ್, ಚಾ ಎಲ್ಲಿ?" ಎಂದು ಬೊಬ್ಬೆ ಹೊಡೆದರು. ನಾನು ಏಳಲಿಲ್ಲ. ಗೆರಟೆಯ ಕತೆಯನ್ನು ಅಷ್ಟರೊಳಗೆ ಅಪ್ಪ ಮಗಳು ಇಬ್ಬರಿಗೂ ಹೇಳಿದ್ದೆ. ಆಶಾ ನಗುತ್ತಾ ಹೇಳಿದಳು: "ಅಪ್ಪ ಗೆರಟೆ ಬಡೀತಾರೆ!" ಅವರೂ ನಕ್ಕರು. ಆ ದಿನ ಚಾ ಮಾಡಿದ್ದು ಅವರೇ.

ಅಕ್ಕತಂಗಿಯರೇ, ಎಳೆಯ ಕೂಸು ಅತ್ತರೆ ಓಡಿ. ಅದಕ್ಕೆ ಬೇರೆ ಭಾಷೆಯಿಲ್ಲ. ದೊಡ್ಡ ಮಗು ನೋವು ಎಂದರೆ ಮೊದಲು ಡಾಕ್ಟರಿಗೆ ತೋರಿಸಿ. ನೋವಿಲ್ಲವೆಂದು ಖಚಿತವಾದ ಮೇಲೂ ಹೊಡೆಯಬೇಡಿ; ಹೊಡೆದರೆ ಮಗು ಕಲಿಯುವುದು ಹೆದರಿಕೆಯನ್ನು ಮಾತ್ರ. ಅಳು ಹೆಚ್ಚಾದಾಗ ಸೋತು ಕೊಟ್ಟರೆ, ಇನ್ನೂ ಜೋರಾಗಿ ಅಳಬೇಕೆಂದು ನೀವೇ ಕಲಿಸಿದ ಹಾಗೆ. ಇವತ್ತು ನಿಮ್ಮ ಮಗು ಸದ್ದಿಲ್ಲದೆ ಆಡುತ್ತಿರುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ನುಚ್ಚು ಹಾಕಬೇಕಾದ ಹೊತ್ತು ಅದು. ಬಟ್ಟೆ ಆಮೇಲೆ ಒಗೆದರಾಯಿತು.