ಆಟ ಬಿಟ್ಟರೂ ಚಂದಾ ಬಿಡಲಿಲ್ಲ

ಸವಳಂಗದ ಸಾವಂತ್ರಮ್ಮನ ಎದುರು ಚೌಕಾಬಾರ ಆಡಲು ಕೂತವರು ಗೆಲ್ಲುವ ಆಸೆಯನ್ನು ಮೊದಲೇ ಬಿಟ್ಟು ಕೂರುವುದು ಒಳ್ಳೆಯದು. ಆಕೆಯನ್ನು ಸೋಲಿಸಿದವಳು ಇಡೀ ಭೂಮಿಯ ಮೇಲೆ ಒಬ್ಬಳೇ, ಒಡಹುಟ್ಟಿದ ಅಕ್ಕ ಭೀಮಕ್ಕ. ಭೀಮಕ್ಕನನ್ನು ಜಗಳೂರಿಗೆ ಕೊಟ್ಟು ಮೂವತ್ತು ವರ್ಷವಾಯಿತು. ವರ್ಷಕ್ಕೆ ಎರಡು ಸಲ ಮುಖ ನೋಡಿದರೆ ಹೆಚ್ಚು.

ಹಾಗಿದ್ದ ಅಕ್ಕ ತಂಗಿಗೆ ಕಳೆದ ಯುಗಾದಿಯ ಹೊತ್ತಿಗೆ ಮೊಬೈಲಿನ ಚೌಕಾಬಾರ ಸಿಕ್ಕಿತು. ಪಣ ಕಟ್ಟುವ ಜೂಜಲ್ಲ, ಬರೀ ಆಟ. ತಿಂಗಳಿಗೆ ನೂರ ನಲವತ್ತೊಂಬತ್ತು ರೂಪಾಯಿ ಚಂದಾ ಕಟ್ಟಿದರೆ ಜಾಹೀರಾತಿನ ಕಾಟ ಇರುವುದಿಲ್ಲ, ಇಬ್ಬರೇ ಮಾತಾಡುತ್ತ ಆಡಬಹುದು. ಸಂಜೆ ಡೈರಿಗೆ ಹಾಲು ಹಾಕಿ ಬಂದು ಸಾವಂತ್ರಮ್ಮ ಅರ್ಧ ಗಂಟೆ ಕೂರುತ್ತಿದ್ದಳು. ಆ ಅರ್ಧ ಗಂಟೆಯಲ್ಲಿ ಕಾಯಿ ಹೊಡೆದದ್ದಕ್ಕಿಂತ ಕಷ್ಟಸುಖ ಹೇಳಿಕೊಂಡದ್ದೇ ಜಾಸ್ತಿ.

ಅಷ್ಟರಲ್ಲಿ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ, ಆಮೇಲೆ ಬಾಣಂತನ. ಸಾವಂತ್ರಮ್ಮನಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ ಎನ್ನುವುದು ಆಗಲೇ ಗೊತ್ತಿತ್ತು.

"ಅಕ್ಕಾ, ಬಾಣಂತನ ಮುಗಿಯೋತನಕ ಆಟ ಇಲ್ಲ. ಅಲ್ಲೀವರೆಗೂ ಫೋನ್ ಮಾಡಿದ್ರೆ ಸಾಕು" ಎಂದಳು. ಆಟದ ಚಿತ್ರವನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಮೊಬೈಲಿನಿಂದ ಕಿತ್ತೇ ಹಾಕಿದಳು. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡಳು. ಕರೆನ್ಸಿ ಹಾಕಿಸದಿದ್ದರೆ ಫೋನು ತಾನೇ ನಿಲ್ಲುತ್ತದೆ, ರೀಚಾರ್ಜ್ ಮಾಡಿಸದಿದ್ದರೆ ಟಿವಿ ತಾನೇ ನಿಲ್ಲುತ್ತದೆ. ಆಟವೂ ಹಾಗೆಯೇ ತಾನೆ? ನಮ್ಮಲ್ಲಿ ಎಷ್ಟೋ ಜನ ಹಾಗೇ ಎಂದುಕೊಂಡಿದ್ದಾರೆ.

ಶಿವಲೀಲಾ ಹೆಣ್ಣುಮಗು ಹೆತ್ತಳು. ಮಗುವಿಗೆ ಹದಿನೈದು ದಿನ ತುಂಬಿತು. ಅವತ್ತು ಸಾವಂತ್ರಮ್ಮನ ಗಂಡ ಅಂಜಿನಪ್ಪ ಬ್ಯಾಂಕಿನಲ್ಲಿ ಹೆಂಡತಿಯ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದ. ಬಂದವನ ಮುಖ ಗಂಟು ಹಾಕಿತ್ತು.

"ಸಾವಂತ್ರೀ, ಬಾ ಇಲ್ಲಿ. ಆಟ ಬಿಟ್ಟು ಎರಡು ತಿಂಗಳಾತು ಅಂತೀಯಲ್ಲ, ಎರಡು ತಿಂಗಳಿಂದ ದುಡ್ಡು ಹೋಗ್ತಾನೇ ಐತೆ!"

"ಹೆಂಗೆ ಹೋಗುತ್ರೀ? ಆಟಾನೇ ತೆಗೆದು ಹಾಕೀನಿ."

"ಅದೇ ನಾನು ಹೇಳೋದು. ಯಾವನೋ ಕಳ್ಳ ನಿನ್ನ ಫೋನಿಗೆ ಕೈ ಹಾಕ್ಯಾನೆ. ಇವತ್ತು ನೂರೈವತ್ತು, ನಾಳೆ ಪೂರಾ ಗುಡಿಸಿ ಹಾಕ್ತಾನೆ. ನಾಳೆ ನ್ಯಾಮತಿಗೆ ಹೋಗೋದೈತೆ, ಇದನ್ನ ಮಾರಿ ನಿನಗೊಂದು ಬಟನ್ ಫೋನ್ ತರ್ತೀನಿ. ನಮ್ಮಂಥವರಿಗೆ ಇವೆಲ್ಲ ತಿಳಿಯಾಕಿಲ್ಲ."

ನಮ್ಮಂಥವರಿಗೆ ಎಂದ, ನೋಡಿದ್ದು ಮಾತ್ರ ಆಕೆಯನ್ನು. ತನ್ನ ದೊಡ್ಡ ಫೋನನ್ನು ಅಂಗಿ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡೇ ಇದ್ದ.

ಸಾವಂತ್ರಮ್ಮನಿಗೆ ಚಿಂತೆ ಹತ್ತಿತು. ಹೋದ ದುಡ್ಡಿಗಿಂತ ಹೆಚ್ಚಾಗಿ, ಬಾಣಂತನ ಮುಗಿದ ಮೇಲೆ ಅಕ್ಕನ ಜೊತೆ ಮತ್ತೆ ಕೂರುವ ಆ ಅರ್ಧ ಗಂಟೆ ಕೈತಪ್ಪಿ ಹೋಗುತ್ತದಲ್ಲ ಎಂದು. ಗಂಡನಿಗೆ ಎದುರಾಡೋಣವೆಂದರೆ ಪಾಸ್‌ಬುಕ್ ಆತನ ಕೈಯಲ್ಲಿತ್ತು.

ಮಧ್ಯಾಹ್ನ ಚೌಡೇಶ್ವರಿ ಕೊಬ್ಬರಿ, ಬೆಲ್ಲ ಕಟ್ಟಿಕೊಂಡು ಮಗು ನೋಡಲು ಬಂದಳು. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು ಅವಳೇ. ಮೊಬೈಲಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಹೇಗೆಂದು ಹೊನ್ನಾಳಿಯಲ್ಲಿ ಮೂರು ದಿನದ ತರಬೇತಿಯನ್ನೂ ಮುಗಿಸಿಕೊಂಡು ಬಂದಿದ್ದಳು. ಮಗುವಿನ ಕೆನ್ನೆ ಮುಟ್ಟಿ, ಸಾವಂತ್ರಮ್ಮನ ಮುಖ ನೋಡಿದಳು.

"ಯಾಕಕ್ಕ, ಮೊಮ್ಮಗಳು ಬಂದಿರೋ ಮನೇಲಿ ಮುಖ ಹಿಂಗೆ ಮಾಡ್ಕಂಡಿದೀರಿ?"

ಸಾವಂತ್ರಮ್ಮ ಎಲ್ಲ ಹೇಳಿದಳು. ಅಂಜಿನಪ್ಪ ಪಡಸಾಲೆಯಿಂದಲೇ ಕೂಗಿದ. "ನಾನು ಸುಮ್ನೆ ಕೂತಿಲ್ಲಮ್ಮ ಚೌಡೇಶ್ವರಿ. ಕಸ್ಟಮರ್ ಕೇರ್ ನಂಬರ್ ಹುಡುಕಿ ಇಟ್ಟೀನಿ. ಈಗ ಫೋನ್ ಮಾಡಿ ಜಾಡಿಸ್ತೀನಿ."

"ಅಣ್ಣಾ, ತಡೀರಿ! ನಂಬರ್ ಎಲ್ಲಿ ಸಿಕ್ತು?"

"ಇಂಟರ್‌ನೆಟ್‌ನಾಗೆ. ಮೇಲಿಂದ ಮೊದಲನೇದೇ ಇತ್ತು."

"ಅಲ್ಲಿ ಕಳ್ಳರೂ ತಮ್ಮ ನಂಬರ್ ಹಾಕಿರ್ತಾರೆ ಅಣ್ಣ. ಓಟಿಪಿ ಹೇಳ್ರಿ, ಪಿನ್ ಹಾಕ್ರಿ ಅಂತಾರೆ, ನಿಮ್ಮ ಖಾತೇನೇ ಖಾಲಿ ಮಾಡ್ತಾರೆ. ಓಟಿಪಿ, ಪಿನ್ ಯಾರಿಗೂ ಹೇಳಬಾರ್ದು. ದುಡ್ಡು ನಿಲ್ಸಾಕೆ ಯಾರಿಗೂ ಫೋನ್ ಮಾಡೋದೂ ಬ್ಯಾಡ. ಅಕ್ಕ, ಮೊದಲು ನಿಮ್ಮ ಮೆಸೇಜ್ ನೋಡಾಣ."

ಮೆಸೇಜುಗಳನ್ನು ಸಾವಂತ್ರಮ್ಮ ಎಂದೂ ತೆರೆಯುವವಳಲ್ಲ, ಸಾಲ ಕೊಡ್ತೀವಿ, ಸೀರೆ ಕೊಡ್ತೀವಿ ಎಂದು ದಿನಕ್ಕೆ ಹತ್ತು ಬರುತ್ತವೆ. ಅವುಗಳ ನಡುವೆ ಬ್ಯಾಂಕಿನದ್ದೂ ಒಂದಿತ್ತು. ಅವತ್ತೇ ಬೆಳಿಗ್ಗೆ ಬಂದದ್ದು. ನಾಳಿದ್ದು ಚೌಕಾಬಾರದ ಚಂದಾ ನೂರ ನಲವತ್ತೊಂಬತ್ತು ರೂಪಾಯಿ ಕಡಿತವಾಗುತ್ತದೆ ಎಂದು ಇಂಗ್ಲಿಷಿನಲ್ಲಿತ್ತು.

"ಕಳ್ಳ ಅಲ್ಲ ಅಣ್ಣ, ಇದು ಆಟೋಪೇ. ಯುಗಾದಿಗೆ ಸೇರುವಾಗ ಅಕ್ಕನೇ ಪಿನ್ ಒತ್ತಿ, ತಿಂಗಳು ತಿಂಗಳು ತಗಳ್ರಿ ಅಂತ ಒಪ್ಪಿಗೆ ಕೊಟ್ಟಿದ್ರು."

"ಆಟ ತೆಗೆದ್ನಲ್ಲೇ ತಾಯಿ?"

"ಅಕ್ಕ, ನೀವು ಊರಾಗೆ ನಾಲ್ಕು ಮನೆಗೆ ಹಾಲು ಹಾಕ್ತೀರಿ. ಒಂದು ಮನೆಯವರು ನಿಮಗೆ ಹೇಳದೇನೇ ಊರಿಗೆ ಹೋದ್ರು ಅಂದ್ಕಳ್ರಿ. ಏನ್ಮಾಡ್ತೀರಿ?"

"ಏನ್ಮಾಡ್ತೀನಿ? ತಿಂಗಳ ವರ್ತನೆ ಮನೆ, ದಿನಾ ಹಾಲು ಒಯ್ದು ಬಾಗಿಲಿಗೆ ಇಟ್ಟು ಬರ್ತೀನಿ. ತಿಂಗಳಿಗೆ ದುಡ್ಡೂ ಕೇಳ್ತೀನಿ. ಬ್ಯಾಡ ಅಂತ ನನಗೆ ಹೇಳಬೇಕಿತ್ತಪ್ಪ..." ಎಂದವಳೇ ಸಾವಂತ್ರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಾನು ಹಾಲಿನ ಪಾತ್ರೆ ಒಳಗಿಟ್ಟೆ, ಹಾಲಿನವಳಿಗೆ ಹೇಳಲೇ ಇಲ್ಲ!"

"ಅಷ್ಟೇ ಅಕ್ಕ. ಈಗ ಹೇಳಾಣ. ಫೋನ್ ನೀವೇ ಹಿಡ್ಕಳ್ರಿ, ನಾನು ಮುಟ್ಟಲ್ಲ."

ಸಾವಂತ್ರಮ್ಮ ಮಗುವಿಗೆ ಎಣ್ಣೆ ಹಚ್ಚಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಪ್ಲೇ ಸ್ಟೋರ್ ತೆರೆದಳು. ಮೇಲೆ ಮೂಲೆಯಲ್ಲಿ ದುಂಡಗಿನ ಚಿತ್ರವಿತ್ತು, ಅದನ್ನು ಒತ್ತಿದಳು. ಪಾವತಿ ಮತ್ತು ಸಬ್‌ಸ್ಕ್ರಿಪ್ಷನ್ ಎಂಬ ಸಾಲು ಬಂತು. ಅದರೊಳಗೆ ಸಬ್‌ಸ್ಕ್ರಿಪ್ಷನ್ ಒತ್ತಿದರೆ, ಕಿತ್ತು ಹಾಕಿದ್ದ ಚೌಕಾಬಾರ ತಣ್ಣಗೆ ಕೂತಿತ್ತು!

"ನೋಡ್ರೀ, ಇಲ್ಲಿ ಅಡಗಿ ಕೂತೈತೆ!" ಎಂದು ಸಾವಂತ್ರಮ್ಮ ಕೂಗಿದ್ದಕ್ಕೆ ಮಗು ಎಚ್ಚರವಾಯಿತು. ಅಂಜಿನಪ್ಪ ಎದ್ದು ಒಳಗೆ ಬಂದ.

"ಈಗ ಎರಡು ದಾರಿ ಅದಾವೆ" ಎಂದಳು ಚೌಡೇಶ್ವರಿ. "ವಿರಾಮ ಒತ್ತಿದ್ರೆ ಒಂದು, ಎರಡು, ಇಲ್ಲ ಮೂರು ತಿಂಗಳು ನಿಲ್ಲುತ್ತೆ. ರದ್ದು ಒತ್ತಿದ್ರೆ ಪೂರಾ ನಿಲ್ಲುತ್ತೆ. ವಿರಾಮ ಎಲ್ಲ ಆಟಕ್ಕೂ ಇರಲ್ಲ, ಇದಕ್ಕೈತೆ."

"ವಿರಾಮ ಒತ್ತು" ಎಂದ ಅಂಜಿನಪ್ಪ.

ಸಾವಂತ್ರಮ್ಮ ಒತ್ತಲಿಲ್ಲ. ಚೌಕಾಬಾರದಲ್ಲಿ ನಾಲ್ಕು ನಡೆ ಮುಂದೆ ನೋಡುವ ತಲೆ ಅದು. "ಚೌಡೇಶ್ವರಿ, ಮೂರು ತಿಂಗಳಾದ ಮೇಲೆ ಏನಾಗುತ್ತೆ?"

"ತಾನೇ ಮತ್ತೆ ಶುರುವಾಗುತ್ತೆ. ದುಡ್ಡೂ ಹೋಗಾಕೆ ಶುರುವಾಗುತ್ತೆ."

"ಹಂಗಾದ್ರೆ ಬ್ಯಾಡ. ಚೊಚ್ಚಲ ಬಾಣಂತನ, ಐದು ತಿಂಗಳಾದ್ರೂ ಆಗಬಹುದು. ಆಗ ನನಗೆ ನೆನಪಿರಲ್ಲ, ಅದಕ್ಕೆ ನೆನಪಿರುತ್ತೆ. ರದ್ದೇ ಮಾಡ್ತೀನಿ. ಬೇಕಾದಾಗ ನಾನೇ ಹೊಸದಾಗಿ ಸೇರ್ತೀನಿ. ಕಟ್ಟಿರೋ ದಿನ ವ್ಯರ್ಥ ಆಗ್ತಾವೇನು?"

"ಇಲ್ಲಕ್ಕ, ನಾಳಿದ್ದಿನವರೆಗೂ ಆಟ ಇದ್ದೇ ಇರುತ್ತೆ. ಹಿಂದೆ ಹೋದ ದುಡ್ಡು ವಾಪಸ್ ಕೇಳಿ ನೋಡಬಹುದು, ಬಂದೇ ಬರುತ್ತೆ ಅಂತ ನಾನು ಹೇಳಲ್ಲ."

ಸಾವಂತ್ರಮ್ಮ ರದ್ದು ಒತ್ತಿದಳು. ಯಾಕೆ ಬಿಡುತ್ತಿದ್ದೀರಿ, ಸ್ವಲ್ಪ ದಿನ ನೋಡಿ ಎಂದು ಆಟ ಗೋಗರೆಯಿತು. ಅದಕ್ಕೆ ಸೊಪ್ಪು ಹಾಕದೆ ಮತ್ತೊಮ್ಮೆ ಒತ್ತಿದಳು. ರದ್ದಾಗಿದೆ ಎಂದು ಬಂತು. ದುಡ್ಡು ಕಳಿಸುವ ಆ್ಯಪ್ ತೆರೆದು, ಆಟೋಪೇ ಎಂಬಲ್ಲಿ ಬೇರೆ ಯಾವುದೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಎಲ್ಲಿ, ನಿಮ್ಮ ಫೋನ್ ಕೊಡ್ರಿ."

"ನನ್ನದರಾಗೆ ಏನೂ ಇಲ್ಲ, ಬಿಡು. ನಾನೇನು ಆಟ ಆಡ್ತೀನಾ?"

"ಕೊಡ್ರೀ ಅಂದೆ."

ಕೊಟ್ಟ. ಸಾವಂತ್ರಮ್ಮನ ಬೆರಳಿಗೆ ಈಗ ದಾರಿ ಗೊತ್ತಿತ್ತು. ಆಟೋಪೇ ತೆರೆದಳು. ರಾಶಿಫಲ ಹೇಳುವ ಒಂದು ಆ್ಯಪ್, ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ, ಏಳು ತಿಂಗಳಿಂದ!

"ಏಳು ದಿನ ಫ್ರೀ ಅಂತಿದ್ರು" ಎಂದ ಅಂಜಿನಪ್ಪ, ಸಣ್ಣ ದನಿಯಲ್ಲಿ. "ಎರಡು ದಿನ ನೋಡಿ ಬಿಟ್ಟಿದ್ದೆ."

"ಧನನಷ್ಟ ಐತೆ ಅಂತ ಅದರಾಗೆ ಬರ್ದಿರಲಿಲ್ವೇನಪ್ಪ?" ಎಂದಳು ಶಿವಲೀಲಾ, ಮಗುವನ್ನು ತಟ್ಟುತ್ತ.

ಚೌಡೇಶ್ವರಿ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. ಅಂಜಿನಪ್ಪನೂ ಎಷ್ಟು ಹೊತ್ತು ಬಿಗಿದುಕೊಂಡಿರುತ್ತಾನೆ, ಅವನಿಗೂ ನಗು ಬಂತು.

"ನಾಳೆ ನ್ಯಾಮತಿಗೆ ಹೋಗ್ತೀರಲ್ಲ" ಎಂದಳು ಸಾವಂತ್ರಮ್ಮ, "ಬಟನ್ ಫೋನ್ ಒಂದೇ ಸಾಕು. ನಿಮಗೆ."

"ತಪ್ಪಾತು ಮಾರಾಯ್ತಿ. ನಿನ್ನ ಫೋನ್ ನಿನ್ನತ್ರಾನೇ ಇರಲಿ. ನನ್ನದನ್ನೂ ಒಂಚೂರು ರದ್ದು ಮಾಡಿಕೊಡು."

"ನಾನು ಮುಟ್ಟಲ್ಲ. ನೀವೇ ಒತ್ರಿ, ನಾನು ಹೇಳ್ಕೊಡ್ತೀನಿ."

ನಾಳಿದ್ದು ಬಂತು, ಹೋಯಿತು. ಖಾತೆಯಿಂದ ಒಂದು ಪೈಸೆಯೂ ಅಲುಗಲಿಲ್ಲ. ಆ ವಾರದಲ್ಲೇ ಸಾವಂತ್ರಮ್ಮ ಫೋನಿನಲ್ಲಿ ಹೇಳಿಕೊಟ್ಟು ಜಗಳೂರಿನ ಭೀಮಕ್ಕನದೂ ರದ್ದು ಮಾಡಿಸಿದಳು. ತಂಗಿಯಿಲ್ಲದೆ ಆಡದಿದ್ದರೂ ಅವಳ ದುಡ್ಡೂ ಹೋಗುತ್ತಲೇ ಇತ್ತು. ಸಂಘದ ಸಭೆಯಲ್ಲಿ ಚೌಡೇಶ್ವರಿ ಪಕ್ಕಕ್ಕೆ ಸರಿದು ಕೂತು, "ಇವತ್ತು ಸಾವಂತ್ರಕ್ಕ ಹೇಳ್ಕೊಡ್ತಾರೆ" ಎಂದಳು. ಹದಿನಾಲ್ಕು ಹೆಂಗಸರು ಫೋನ್ ತೆಗೆದರು. ಒಂಬತ್ತು ಫೋನುಗಳಲ್ಲಿ ಏನಾದರೊಂದು ಅಡಗಿ ಕೂತಿತ್ತು.

ಐದನೇ ತಿಂಗಳಿಗೆ ಶಿವಲೀಲಾ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಅವತ್ತು ಸಂಜೆ ಸಾವಂತ್ರಮ್ಮ ತಾನಾಗಿಯೇ ಆಟವನ್ನು ಮತ್ತೆ ಹಾಕಿಕೊಂಡು, ಆಟೋಪೇ ಇಲ್ಲದೆ ಒಂದೇ ತಿಂಗಳಿಗೆಂದು ಚಂದಾ ಕಟ್ಟಿದಳು. ಭೀಮಕ್ಕನೂ ಹೊಸದಾಗಿ ಸೇರಿ ಆ ಕಡೆಯಿಂದ ಕಾಯುತ್ತಿದ್ದಳು. ಮೊದಲನೇ ಆಟದಲ್ಲೇ ತಂಗಿಯ ನಾಲ್ಕೂ ಕಾಯಿ ನಡುಮನೆ ಸೇರಿ ಹಣ್ಣಾದವು, ಅಕ್ಕ ಸೋತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನೂ ಈಗ ಕೈಯಲ್ಲೇ ಇದೆಯಲ್ಲ? ಆಟವಾಗಲಿ, ಹಾಡಾಗಲಿ, ಸಿನಿಮಾ ಆಗಲಿ, ಸ್ವಲ್ಪ ದಿನ ಬಿಡುವುದಾದರೆ ಆ್ಯಪ್ ತೆಗೆದು ಹಾಕಿ ಸುಮ್ಮನಾಗಬೇಡಿ, ಅದರ ಚಂದಾವನ್ನೂ ನಿಲ್ಲಿಸಿ. ಕಡಿತದ ತಾರೀಖಿಗೆ ಎರಡು ದಿನ ಮುಂಚೆಯೇ ನಿಲ್ಲಿಸಿದರೆ ನಿಶ್ಚಿಂತೆ. ನೀವು ಒಪ್ಪಿಗೆ ಕೊಡದೆ ದುಡ್ಡು ಹೋಗಿದ್ದರೆ ತಡಮಾಡದೆ ನಿಮ್ಮ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಂಗ್ಲಿಷ್ ಮೆಸೇಜ್ ಅರ್ಥವಾಗದಿದ್ದರೆ ತಿಳಿದವರಿಂದ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಈ ಹಾಳೆಯನ್ನು ಮಡಚಿಡುವ ಮೊದಲು ಒಮ್ಮೆ ಆಟೋಪೇ ತೆರೆದು ನೋಡಿ. ನಿಮ್ಮ ಮನೆಯ ಹಾಲಿನವಳಿಗೆ ನೀವು ಹೇಳಿದ್ದೀರಾ?