ಶಂಕಗಿರಿ ಕೋಟೆಯಲ್ಲಿ ಹೆಣ್ಣು ತೋರಿಸಿದ್ದು

ನಮ್ಮಣ್ಣನ ಮಗಳು ರೋಜಾಳನ್ನು ಮನೆಯಲ್ಲಿ ತೋರಿಸುವುದು ಬೇಡ ಅಂತ ನಾನೇ ಹಟ ಹಿಡಿದೆ. ಬಂದವರು ಬೋಂಡಾ ತಿಂದು, ಬಣ್ಣ ಕಮ್ಮಿ ಅಂತ ಹೇಳಿ ಕಳಿಸಿದರೆ, ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದಿಗಿಂತ ಜೋರಾಗಿ ಅದೇ ಮಾತು. ಈ ಸಲವೂ ತಪ್ಪಿದರೆ ಹೆಂಡತಿ ಸತ್ತವನೊಬ್ಬನಿಗೆ ಕೊಡುವುದೆಂದು ಅಣ್ಣ ತೀರ್ಮಾನಿಸಿದ್ದ. ನೆನೆದರೆ ನನಗೆ ಸಂಕಟ.

ಅದಕ್ಕೇ ಬ್ರೋಕರ್ ಅರುಣಾಚಲಂ ಶಂಕಗಿರಿ ಕೋಟೆ ಅಂದಾಗ ಒಪ್ಪಿದೆ. ಕೋಟೆ ನೋಡಲು ಬಂದ ಎರಡು ಸಂಸಾರ ಅಕಸ್ಮಾತ್ ಭೇಟಿಯಾದ ಹಾಗೆ! ಗುರುತೇನಯ್ಯಾ ಅಂದರೆ, ಗಂಡಿನ ಅಪ್ಪನಿಗೆ ಬಿಳಿ ಪಂಚೆ, ಅಮ್ಮನ ಕೈಯಲ್ಲಿ ಹಳದಿ ಬಟ್ಟೆಚೀಲ ಅಂತ ಎಸ್‌ಟಿಡಿ ಬೂತಿನಿಂದ ಕಿರುಚಿದ. ನಮ್ಮ ಕಡೆ ಹಳದಿ ಚೀಲವಿಲ್ಲದೆ ಯಾರಾದರೂ ಬಸ್ಸು ಹತ್ತುತ್ತಾರೆಯೇ? ಭಾನುವಾರ ರೋಜಾಳನ್ನು ಕರೆದುಕೊಂಡು ಹೋದರೆ ಕೋಟೆಯ ತುಂಬ ಬಿಳಿ ಪಂಚೆ, ಹಳದಿ ಚೀಲ. ಹುಡುಗನ ಹೆಸರಾಗಲಿ, ಯಾವ ಬಾಗಿಲ ಹತ್ತಿರ ಅಂತಾಗಲಿ ಆ ಪುಣ್ಯಾತ್ಮ ಹೇಳಿರಲಿಲ್ಲ, ಬೆಟ್ಟದುದ್ದಕ್ಕೂ ಬಾಗಿಲುಗಳೇ.

ಮೆಟ್ಟಿಲ ಮೇಲೆ ಕೂತಿದ್ದ ಒಂದು ಸಂಸಾರ, ಸುತ್ತ ಎಲ್ಲರೂ ತಮಿಳಾಡುವಾಗ, ನಮ್ಮ ಹಾಗೆ ಕನ್ನಡ ಆಡುತ್ತಿತ್ತು. ಸರಿ, ಇವರೇ! ಹುಡುಗನ ಹೆಸರು ವಿಶ್ವನಾಥನ್.

"ಈ ಮೆಟ್ಲಲ್ಲಿ ಕುದ್ರೆ ಎಂಗ್ ಬರ್ತಿದ್ವೋ?" ಅಂದ.

"ನಮ್ ಅತ್ತೆ ಬಂದಂಗೆ, ಬೈಕೊಂಡು," ಅಂದಳು ರೋಜಾ.

ಯಾರು ಬಂದರೂ ತಲೆ ಬಗ್ಗಿಸಿ ಕೂರುತ್ತಿದ್ದ ಹುಡುಗಿ! ಇಬ್ಬರೂ ನಕ್ಕರು. ಕೆಳಗೆ ಊರಲ್ಲಿ ನಿಂತ ಲಾರಿಗಳನ್ನು ತೋರಿಸುತ್ತ ಮಾತಿಗೆ ಕೂತರು.

ಅಷ್ಟರಲ್ಲಿ ಮೇಲಿಂದ ಅರುಣಾಚಲಂ ಏದುಸಿರು ಬಿಡುತ್ತ ಇಳಿದು ಬಂದ.

"ಅಕ್ಕಾ, ಇವ್ರು ನಿಮ್ಮೋರಲ್ಲ! ನಿಮ್ ಮಾಪ್ಪಿಳ್ಳೆ, ನೀವ್ ನೋಡ್ಬೇಕಾದ ಗಂಡು, ಮೇಲವ್ನೆ. ಇವ್ರು ನೋಡ್ಬೇಕಾದ ಉಡುಗೀನೂ ಅಲ್ಲೇ ಕಾಯ್ತವ್ಳೆ!"

ಎರಡು ಸಲ ಓಡಾಡುವುದು ಯಾಕೆ ಅಂತ ಒಂದೇ ದಿನ, ಒಂದೇ ಬೆಟ್ಟದಲ್ಲಿ ಎರಡು ಸಂಬಂಧ ಇಟ್ಟುಕೊಂಡಿದ್ದನಂತೆ!

ನನಗೆ ತಲೆ ಕೆಟ್ಟುಹೋಯಿತು. ಹತ್ತಬೇಕೋ, ಇಳಿಯಬೇಕೋ? ಇವರಿಗೆ ಏನು ಹೇಳಲಿ, ಮೇಲಿನವರಿಗೆ ಏನು? ವಿಶ್ವನಾಥನ್ ಎದ್ದು ನಿಂತ, ಮತ್ತೆ ಕೂತ. ಅವನಪ್ಪ ಪಂಚೆ ಎತ್ತಿ ಕಟ್ಟಿದರು, ಮತ್ತೆ ಇಳಿಬಿಟ್ಟರು.

"ಬೇಗ ನಡ್ಯವ್ವ, ಅವ್ರು ನಿನ್ನ ನೋಡ್ಬೇಕು," ಅಂದ ಅರುಣಾಚಲಂ.

"ಇಷ್ಟು ದಿನ ಎಲ್ರೂ ನನ್ನ ನೋಡಿದ್ರು," ಅಂದಳು ರೋಜಾ. "ಇವತ್ತು ನಾ ನೋಡಿವ್ನಿ. ಮೇಲಕ್ಕೆ ಬರಲ್ಲ."

ವಿಶ್ವನಾಥನ ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದರು.

"ಬಾವ್ವ, ಕೂತ್ಕೊ. ಮೇಲಿರೋರ್ಗೆ ಈ ಬ್ರೋಕರೇ ಏನಾದ್ರೂ ಏಳ್ಕೊಳ್ಳಿ."